ಡೀಸೆಲ್ ಬಸ್ಸಿನ ಜಾಗಕ್ಕೆ ಎಲೆಕ್ಟ್ರಿಕ್ ಬಸ್ಸು ಬಂದರೆ ಗಾಳಿ ಎಷ್ಟು ತಿಳಿಯಾಗುತ್ತದೆ?

ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್ಸುಗಳನ್ನು ಹಂಚಲಾಗುವುದೆಂದು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಬೇರೆ ಯಾವ ನಗರಕ್ಕೂ ಆ ಸುತ್ತಿನಲ್ಲಿ ಇಷ್ಟು ದೊಡ್ಡ ಪಾಲು ಸಿಕ್ಕಿಲ್ಲ. ಬಿಎಂಟಿಸಿಗೆ ಎಲೆಕ್ಟ್ರಿಕ್ ಬಸ್ಸು ಹೊಸದೇನಲ್ಲ. 2021ರ ಕೊನೆಯಲ್ಲಿ ಸಣ್ಣ ಬಸ್ಸುಗಳಿಂದ ಶುರುವಾದದ್ದು ಈಗ ಹನ್ನೆರಡು ಮೀಟರ್ ಉದ್ದದ ದೊಡ್ಡ ಬಸ್ಸುಗಳವರೆಗೆ ಬಂದಿದೆ. ಆದರೂ ಇವುಗಳ ಕುರಿತು ಮಾತು ಬಂದಾಗಲೆಲ್ಲ ಎರಡು ವಾದಗಳು ತಪ್ಪದೆ ಕೇಳಿಬರುತ್ತವೆ. ಎಲೆಕ್ಟ್ರಿಕ್ ವಾಹನದಿಂದ ಮಾಲಿನ್ಯವೇ ಇಲ್ಲ ಎಂಬುದು ಜಾಹೀರಾತುಗಳು ಕಲಿಸಿದ ವಾದ. ಕರೆಂಟು ಬರುವುದೇ ಕಲ್ಲಿದ್ದಲಿನಿಂದ, ಹಾಗಿರುವಾಗ ಹೊಗೆ ಇಲ್ಲಿ ಬಿಟ್ಟು ಅಲ್ಲಿ ಹೋಯಿತೇ ಹೊರತು ಉಳಿದದ್ದೇನು ಎಂಬುದು ಅದಕ್ಕೆ ಎದುರಾಗುವ ವಾದ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಹೊಗೆಯಲ್ಲಿ ಏನಿರುತ್ತದೆ, ಅದು ಎಲ್ಲಿ ಹೊರಬೀಳುತ್ತದೆ, ಯಾರ ಮೂಗಿಗೆ ತಲುಪುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಉಸಿರಿನ ಲೆಕ್ಕ ಬೇರೆ, ತಾಪಮಾನದ ಲೆಕ್ಕ ಬೇರೆ

ಸೈಲೆನ್ಸರಿನಿಂದ ಹೊರಬರುವ ಅನಿಲಗಳಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ದೊಡ್ಡದು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಇದು ಭೂಮಿಯನ್ನು ಬಿಸಿ ಮಾಡುವ ಅನಿಲ. ಬೆಂಗಳೂರಿನಲ್ಲಿ ಬಿಟ್ಟರೂ ಬರ್ಲಿನ್ನಿನಲ್ಲಿ ಬಿಟ್ಟರೂ ಪರಿಣಾಮ ಒಂದೇ. ಆದರೆ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಕೆಮ್ಮು ಬರಿಸುವುದು ಇದಲ್ಲ. ಎಲೆಕ್ಟ್ರಿಕ್ ವಾಹನಗಳ ಕುರಿತ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲಿಯೇ: ಒಬ್ಬರು ತಾಪಮಾನದ ಲೆಕ್ಕ ಹೇಳುತ್ತಿರುತ್ತಾರೆ, ಇನ್ನೊಬ್ಬರು ಉಸಿರಿನ ಲೆಕ್ಕ ಕೇಳುತ್ತಿರುತ್ತಾರೆ.

ಉಸಿರಿನ ಲೆಕ್ಕದಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಸೂಕ್ಷ್ಮ ಕಣಗಳು. 'ಪಿಎಂ 2.5' ಎಂದು ಪತ್ರಿಕೆಗಳಲ್ಲಿ ಓದುವುದು ಇವುಗಳನ್ನೇ; ಅಂದರೆ ಎರಡೂವರೆ ಮೈಕ್ರೋಮೀಟರಿಗಿಂತ ಚಿಕ್ಕದಾದ, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗವೂ ಇಲ್ಲದ ಕಣಗಳು. ಮೂಗಿನ ರೋಮ, ಗಂಟಲಿನ ಲೋಳೆ ಇವನ್ನು ತಡೆಯಲಾರವು. ಡೀಸೆಲ್ ಮಸಿಯ ಕಣಗಳು ಇದಕ್ಕಿಂತಲೂ ಬಹಳ ಚಿಕ್ಕವಾಗಿದ್ದು, ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಎರಡನೆಯದು ನೈಟ್ರೋಜನ್ ಆಕ್ಸೈಡುಗಳು. ಇವು ಕಣ್ಣಿಗೆ ಕಾಣುವುದಿಲ್ಲ. ಶ್ವಾಸನಾಳವನ್ನು ಕೆರಳಿಸುವ ಈ ಅನಿಲಗಳು ಅಷ್ಟಕ್ಕೇ ನಿಲ್ಲದೆ, ಬಿಸಿಲಿನಲ್ಲಿ ಬೇರೆ ಆವಿಗಳೊಂದಿಗೆ ಸೇರಿ ಓಝೋನನ್ನು ಹುಟ್ಟಿಸುತ್ತವೆ, ಗಾಳಿಯಲ್ಲಿನ ಅಮೋನಿಯಾದೊಂದಿಗೆ ಸೇರಿ ನೈಟ್ರೇಟ್ ಕಣಗಳಾಗುತ್ತವೆ. ಅಂದರೆ ಅನಿಲವಾಗಿ ಹೊರಟದ್ದು ಕೆಲವು ಗಂಟೆಗಳಲ್ಲಿ ಕಣವಾಗಿ ಅದೇ ಪಿಎಂ 2.5ರ ಲೆಕ್ಕಕ್ಕೆ ಬಂದು ಸೇರುತ್ತದೆ.

ಅಳತೆಯ ವಿಚಾರದಲ್ಲಿ ಒಂದು ಮಾತು. ಭಾರತದ ಮಾನದಂಡದ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಒಂದು ಘನಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಿತಿ 5 ಮೈಕ್ರೋಗ್ರಾಂ. ಆದ್ದರಿಂದ ಒಂದು ನಗರದ ಗಾಳಿ 'ಮಿತಿಯೊಳಗಿದೆ' ಎಂಬ ಸುದ್ದಿ ಓದಿದಾಗ ಯಾವ ಮಿತಿ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಡೀಸೆಲ್ ಎಂಜಿನ್ನಿಗೆ ಹೊಗೆ ಏಕೆ ಅಂಟಿಕೊಂಡಿದೆ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವೂ ಗಾಳಿಯೂ ಮೊದಲೇ ಚೆನ್ನಾಗಿ ಬೆರೆತಿರುತ್ತವೆ; ಸ್ಪಾರ್ಕ್ ಪ್ಲಗ್ಗಿನ ಕಿಡಿ ಅದಕ್ಕೆ ಬೆಂಕಿ ಕೊಡುತ್ತದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅದು ಬರಿಯ ಗಾಳಿಯನ್ನು ಎಳೆದುಕೊಂಡು, ಅದರ ಗಾತ್ರ ಹದಿನೈದರಿಂದ ಇಪ್ಪತ್ತನೇ ಒಂದು ಪಾಲಾಗುವವರೆಗೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ಐನೂರು ಡಿಗ್ರಿಗಿಂತಲೂ ಹೆಚ್ಚು ಕಾಯುತ್ತದೆ. ಆ ಕ್ಷಣದಲ್ಲಿ ಇಂಜೆಕ್ಟರ್ ಡೀಸೆಲನ್ನು ಸಿಂಪಡಿಸುತ್ತದೆ, ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಷ್ಟು ಬಲವಾಗಿ ಒತ್ತುವುದರಿಂದಲೇ ಡೀಸೆಲ್ ಎಂಜಿನ್ ಒಂದು ಲೀಟರಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ; ಬಸ್ಸು, ಲಾರಿ, ಟ್ರ್ಯಾಕ್ಟರುಗಳೆಲ್ಲ ಅದನ್ನೇ ನೆಚ್ಚಿಕೊಂಡಿರುವುದಕ್ಕೆ ಮುಖ್ಯ ಕಾರಣ ಇದೇ.

ತೊಂದರೆ ಇರುವುದು ಆ ಸಿಂಪಡಿಕೆಯಲ್ಲಿ. ಸಿಡಿದ ಇಂಧನವು ಗಾಳಿಯೊಂದಿಗೆ ಪೂರ್ತಿ ಬೆರೆಯುವಷ್ಟು ಸಮಯ ಸಿಗುವುದಿಲ್ಲ. ತುಂತುರಿನ ನಡುಭಾಗದಲ್ಲಿ ಇಂಧನ ಹೆಚ್ಚು, ಆಮ್ಲಜನಕ ಕಡಿಮೆ. ಅಲ್ಲಿ ಅರೆಬೆಂದ ಇಂಗಾಲ ಮಸಿಯಾಗಿ ಉಳಿಯುತ್ತದೆ. ತುಂತುರಿನ ಅಂಚಿನಲ್ಲಿ ಆಮ್ಲಜನಕ ಧಾರಾಳ, ಶಾಖ ವಿಪರೀತ. ಅಲ್ಲಿ ಸಾಮಾನ್ಯವಾಗಿ ಯಾರ ತಂಟೆಗೂ ಹೋಗದ ನೈಟ್ರೋಜನ್ ಕೂಡ ಆಮ್ಲಜನಕದೊಂದಿಗೆ ಸೇರಿಕೊಂಡುಬಿಡುತ್ತದೆ. ಸೌದೆ ಒಲೆ ಹೊಗೆಯಾಡುತ್ತಿದ್ದರೆ ಊದುಗೊಳವೆಯಿಂದ ಗಾಳಿ ಊದಿ ಉರಿ ಏಳಿಸುತ್ತೇವೆ, ಉರಿ ಎದ್ದ ಕೂಡಲೇ ಹೊಗೆ ಇಳಿಯುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ ಮಾಡಬಹುದು. ಆದರೆ ಅಲ್ಲಿನ ಉರಿ ಒಲೆಯ ಉರಿಗಿಂತ ಎಷ್ಟೋ ಪಾಲು ಬಿಸಿಯಾದುದರಿಂದ, ಮಸಿ ಇಳಿದಷ್ಟೂ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಉರಿಯನ್ನು ತಗ್ಗಿಸಿದರೆ ಇದು ಇಳಿದು ಮಸಿ ಏರುತ್ತದೆ. ಡೀಸೆಲ್ ಎಂಜಿನ್ ವಿನ್ಯಾಸಕಾರರು ದಶಕಗಳಿಂದ ಗುದ್ದಾಡುತ್ತಿರುವುದು ಈ ಒಂದು ಇಕ್ಕಟ್ಟಿನೊಂದಿಗೆ.

ನಗರದ ಸಂಚಾರ ಇದನ್ನು ಇನ್ನಷ್ಟು ಕೆಡಿಸುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಎಂಜಿನ್ನಿಗೆ ಇಂಧನ, ಗಾಳಿಗಳ ಹದ ಕಾಯ್ದುಕೊಳ್ಳುವುದು ಸುಲಭ. ಹೆಬ್ಬಾಳದ ಮೇಲ್ಸೇತುವೆ ಏರುವ ಹಳೆಯ ಲಾರಿಯನ್ನು ಗಮನಿಸಿ: ಚಾಲಕ ಗೇರು ಇಳಿಸಿ ಆ್ಯಕ್ಸಿಲರೇಟರ್ ಒತ್ತಿದೊಡನೆ ಒಂದು ಉಂಡೆ ಕಪ್ಪುಹೊಗೆ ಹೊರಬರುತ್ತದೆ. ಇಂಧನ ಒಮ್ಮೆಲೇ ಹೆಚ್ಚಾಯಿತು, ಗಾಳಿ ಅದೇ ಕ್ಷಣಕ್ಕೆ ಹೆಚ್ಚಾಗಲಿಲ್ಲ. ಆ ಉಂಡೆ ಆ ಅರೆಕ್ಷಣದ ಕೊರತೆಯಿಂದ ಹುಟ್ಟಿದ್ದು. ಸವೆದ ಇಂಜೆಕ್ಟರು, ಧೂಳು ಕಟ್ಟಿದ ಏರ್ ಫಿಲ್ಟರು, ಮಿತಿಮೀರಿದ ಲೋಡು ಸೇರಿದರೆ ಉಂಡೆ ದೊಡ್ಡದಾಗುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ಹೊರಡುವ ಸಿಟಿ ಬಸ್ಸಿಗೆ ಇದು ದಿನವಿಡೀ ಆಗುವ ಕೆಲಸ.

ಬಿಎಸ್-6 ಏನನ್ನು ಬದಲಿಸಿತು

ಡೀಸೆಲ್ ಎಂದಾಕ್ಷಣ ಕಪ್ಪುಹೊಗೆ ಕಣ್ಣಮುಂದೆ ಬರುತ್ತದಾದರೂ, 2020ರ ಏಪ್ರಿಲ್ 1ರ ನಂತರ ಮಾರಾಟವಾದ ಡೀಸೆಲ್ ವಾಹನಗಳನ್ನು ಹಳೆಯವುಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅಂದಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6, ಅಂದರೆ ಬಿಎಸ್-6 ನಿಯಮ, ಐದನೇ ಹಂತವನ್ನು ದಾಟಿ ನಾಲ್ಕರಿಂದ ನೇರ ಆರಕ್ಕೆ ಹೋಯಿತು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಬಿಡಬಹುದಾದ ನೈಟ್ರೋಜನ್ ಆಕ್ಸೈಡಿನ ಮಿತಿ 250 ಮಿಲಿಗ್ರಾಮಿನಿಂದ 80ಕ್ಕೆ, ಕಣಗಳ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಬಸ್ಸು-ಲಾರಿಗಳ ದೊಡ್ಡ ಎಂಜಿನ್ನುಗಳಿಗೆ ನೈಟ್ರೋಜನ್ ಆಕ್ಸೈಡಿನ ಮಿತಿ ಹಿಂದಿನದರ ಸುಮಾರು ಎಂಟನೇ ಒಂದು ಪಾಲಾಯಿತು.

ಇದು ಸಾಧ್ಯವಾದದ್ದು ಎಂಜಿನ್ನಿಗಿಂತ ಹೆಚ್ಚಾಗಿ ಸೈಲೆನ್ಸರ್ ದಾರಿಯಲ್ಲಿ ಜೋಡಿಸಿದ ಉಪಕರಣಗಳಿಂದ. ಡಿಪಿಎಫ್ ಎಂದು ಕರೆಯುವ ಪಿಂಗಾಣಿಯ ಜಾಲರಿ ಮಸಿಯನ್ನು ಹಿಡಿದಿಡುತ್ತದೆ. ಇನ್ನೊಂದು ಉಪಕರಣ ಹೊಗೆಗೆ ಯೂರಿಯಾ ದ್ರಾವಣವನ್ನು ಚಿಮುಕಿಸಿ, ನೈಟ್ರೋಜನ್ ಆಕ್ಸೈಡನ್ನು ಮತ್ತೆ ನಿರಪಾಯಕಾರಿ ನೈಟ್ರೋಜನ್ ಮತ್ತು ನೀರಾವಿಯಾಗಿ ಒಡೆಯುತ್ತದೆ. ಬಂಕುಗಳಲ್ಲಿ ಡಿಇಎಫ್ ಎಂಬ ಹೆಸರಿನಲ್ಲಿ ಕ್ಯಾನುಗಳಲ್ಲಿ ಮಾರುವ, ಶೇ 32.5ರಷ್ಟು ಯೂರಿಯಾ ಇರುವ ದ್ರವ ಇದೇ. ಈ ಉಪಕರಣಗಳ ವೇಗವರ್ಧಕ ಲೇಪಕ್ಕೆ ಗಂಧಕ ಆಗಿಬರುವುದಿಲ್ಲ. ಹಾಗಾಗಿ ಅದೇ ಹೊತ್ತಿಗೆ ಡೀಸೆಲ್ಲಿನಲ್ಲಿರುವ ಗಂಧಕವನ್ನೂ ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಸಲಾಯಿತು.

ಕೆಲಸ ಮಾಡುವ ಸ್ಥಿತಿಯಲ್ಲಿರುವ ಡಿಪಿಎಫ್ ಮಸಿಯನ್ನು ಬಹುಮಟ್ಟಿಗೆ ತಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಪ್ರಶ್ನೆ ಇರುವುದು 'ಕೆಲಸ ಮಾಡುವ ಸ್ಥಿತಿ' ಎಂಬುದರಲ್ಲಿ. ಜಾಲರಿಯಲ್ಲಿ ತುಂಬಿದ ಮಸಿಯನ್ನು ಆಗಾಗ ಸುಮಾರು ಆರುನೂರು ಡಿಗ್ರಿ ಶಾಖದಲ್ಲಿ ಸುಟ್ಟು ಖಾಲಿ ಮಾಡಬೇಕು. ಔಟರ್ ರಿಂಗ್ ರೋಡಿನಲ್ಲಿ ತೆವಳುವ ಕಾರಿನ ಹೊಗೆ ಅಷ್ಟು ಬಿಸಿಯಾಗುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ದೀಪ ಹೊತ್ತಿಕೊಂಡ ಮೇಲೆ, ಸರ್ವಿಸ್ ಸೆಂಟರಿನವರು 'ಸರ್, ಹೈವೇ ಮೇಲೆ ಅರವತ್ತರ ಮೇಲೆ ಇಪ್ಪತ್ತು ನಿಮಿಷ ಓಡಿಸಿಕೊಂಡು ಬನ್ನಿ' ಎನ್ನುವುದು ಡೀಸೆಲ್ ಕಾರು ಇಟ್ಟುಕೊಂಡ ಊರವರಿಗೆಲ್ಲ ಗೊತ್ತು. ಯೂರಿಯಾ ಉಪಕರಣಕ್ಕೂ ಇದೇ ಪಾಡು. ಹೊಗೆ ಸುಮಾರು ಇನ್ನೂರು ಡಿಗ್ರಿ ತಲುಪದೆ ಅದು ಸರಿಯಾಗಿ ಕೆಲಸ ಆರಂಭಿಸುವುದಿಲ್ಲ. ಅಂದರೆ ಮಾಲಿನ್ಯ ತಡೆಯುವ ಸಾಧನಗಳು ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಹೆಚ್ಚು ಸೋಲುತ್ತವೆ.

ಪರೀಕ್ಷಾಲಯದ ಅಂಕಿಗೂ ರಸ್ತೆಯ ಅಂಕಿಗೂ ಇರುವ ಅಂತರ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣ ಕುಖ್ಯಾತ ಉದಾಹರಣೆ. ಪರೀಕ್ಷೆ ನಡೆಯುತ್ತಿದೆಯೇ ಎಂಬುದನ್ನು ಗುರುತಿಸಿ, ಆಗ ಮಾತ್ರ ಮಾಲಿನ್ಯ ನಿಯಂತ್ರಣವನ್ನು ಪೂರ್ತಿಯಾಗಿ ಚಾಲೂ ಮಾಡುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿತ್ತು. ರಸ್ತೆಯಲ್ಲಿ ಕೆಲವು ಕಾರುಗಳು ಅಮೆರಿಕದ ಮಿತಿಯ 40 ಪಟ್ಟಿನವರೆಗೆ ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ವಾಹನವನ್ನು ನಿಜವಾದ ರಸ್ತೆಯಲ್ಲಿ ಓಡಿಸಿ ಅಳೆಯುವ ನಿಯಮ ಭಾರತದಲ್ಲಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಅದು ಕಂಪನಿಯ ಹೊಸ ವಾಹನಗಳಿಗೆ. ಈಗಾಗಲೇ ರಸ್ತೆಯಲ್ಲಿರುವ ವಾಹನಕ್ಕೆ ಇರುವುದು ನಮಗೆಲ್ಲ ಪರಿಚಿತವಾದ ಎಮಿಷನ್ ಟೆಸ್ಟ್ ಒಂದೇ. ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನಿಂದ ಹುಡುಗನೊಬ್ಬ ಬಂದು ಸೈಲೆನ್ಸರಿಗೆ ಕೊಳವೆ ತೂರಿಸಿ, 'ರೈಸ್ ಮಾಡಿ' ಎಂದು ನಾಲ್ಕಾರು ಬಾರಿ ಆ್ಯಕ್ಸಿಲರೇಟರ್ ಒತ್ತಿಸಿ, ನಂಬರ್ ಪ್ಲೇಟಿನ ಫೋಟೊ ಇರುವ ಪ್ರಮಾಣಪತ್ರ ಕೊಡುತ್ತಾನೆ. ಡೀಸೆಲ್ ವಾಹನದ ಮಟ್ಟಿಗೆ ಆ ಯಂತ್ರ ಅಳೆಯುವುದು ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದನ್ನಷ್ಟೇ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಆ ಚೀಟಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಎಲೆಕ್ಟ್ರಿಕ್ ವಾಹನವೂ ಧೂಳೆಬ್ಬಿಸುತ್ತದೆ

ಎಲೆಕ್ಟ್ರಿಕ್ ವಾಹನಕ್ಕೆ ಸೈಲೆನ್ಸರೇ ಇಲ್ಲ. ಆದ್ದರಿಂದ ಅದು ಓಡುವ ಬೀದಿಯಲ್ಲಿ ಮಸಿ, ನೈಟ್ರೋಜನ್ ಆಕ್ಸೈಡು ಎರಡೂ ಸೊನ್ನೆ. ಇದು ಎಂಜಿನ್ ಹಳತಾದಂತೆ, ಫಿಲ್ಟರ್ ಕಟ್ಟಿದಂತೆ, ಮಾಲೀಕ ಸರ್ವಿಸ್ ಮುಂದೂಡಿದಂತೆ ಬದಲಾಗುವ ಸೊನ್ನೆಯೂ ಅಲ್ಲ. ನನ್ನ ಮಟ್ಟಿಗೆ ಎಲೆಕ್ಟ್ರಿಕ್ ವಾಹನದ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದು; ಯಾರ ಪ್ರಾಮಾಣಿಕತೆಯನ್ನೂ ನೆಚ್ಚಿಕೊಳ್ಳಬೇಕಾದ ಪ್ರಮೇಯ ಅಲ್ಲಿಲ್ಲ.

ಆದರೆ ಟೈರುಗಳಿವೆ, ಬ್ರೇಕುಗಳಿವೆ, ರಸ್ತೆಯ ಮೇಲೆ ಧೂಳಿದೆ. ಬ್ಯಾಟರಿಯ ಭಾರದಿಂದಾಗಿ ಎಲೆಕ್ಟ್ರಿಕ್ ವಾಹನಗಳು ಅದೇ ಗಾತ್ರದ ಬೇರೆ ವಾಹನಕ್ಕಿಂತ ಹೆಚ್ಚು ತೂಗುವುದರಿಂದ ಟೈರಿನ ಸವೆತ ತುಸು ಹೆಚ್ಚೇ ಆಗುತ್ತದೆ. ಬ್ರೇಕಿನ ಧೂಳು ಮಾತ್ರ ಕಡಿಮೆ; ವೇಗ ತಗ್ಗಿಸುವಾಗ ಮೋಟರೇ ಜನರೇಟರಾಗಿ ತಿರುಗಿ ಚಕ್ರವನ್ನು ತಡೆಯುತ್ತದೆ, ಬ್ರೇಕ್ ಪ್ಯಾಡಿಗೆ ಕೆಲಸ ಬೀಳುವುದು ಅಪರೂಪ. ಯುರೋಪಿನ ಹೊಸ ಯೂರೋ-7 ನಿಯಮ ಮೊದಲ ಬಾರಿಗೆ ಬ್ರೇಕಿನ ಕಣಗಳಿಗೂ ಮಿತಿ ಹಾಕಿದ್ದು, ಸಾಮಾನ್ಯ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ಣ ಎಲೆಕ್ಟ್ರಿಕ್ ಕಾರುಗಳಿಗೆ 3 ಮಿಲಿಗ್ರಾಂ ಎಂದು ಗೊತ್ತುಮಾಡಿದೆ. ಇನ್ನು ಗುಂಡಿ ಬಿದ್ದ, ಮಣ್ಣು ಸುರಿದ, ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ಯಾವ ವಾಹನ ಹೋದರೂ ಧೂಳು ಏಳುತ್ತದೆ. ನಮ್ಮ ನಗರಗಳ ದಪ್ಪ ಕಣಗಳಲ್ಲಿ ದೊಡ್ಡ ಪಾಲು ಈ ಧೂಳಿನದು. ಅದಕ್ಕೆ ಮದ್ದು ಇರುವುದು ಬಸ್ ಡಿಪೊದಲ್ಲಲ್ಲ, ರಸ್ತೆ ಗುತ್ತಿಗೆಯಲ್ಲಿ.

ಕರೆಂಟಿನ ಹೊಗೆ ಎಲ್ಲಿ ಏಳುತ್ತದೆ

ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಕಲ್ಲಿದ್ದಲಿನದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ಭಾರತದ ಗ್ರಿಡ್‌ನಿಂದ ಬರುವ ಪ್ರತಿ ಯೂನಿಟ್ಟಿಗೆ ಸರಾಸರಿ 0.7 ಕಿಲೋಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಇದನ್ನಿಟ್ಟುಕೊಂಡು ಒಂದು ಒರಟು ಲೆಕ್ಕ ಹಾಕಿ ನೋಡೋಣ.

ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಡುವ ಡೀಸೆಲ್ ಸಿಟಿ ಬಸ್ಸು ನೂರು ಕಿಲೋಮೀಟರಿಗೆ 28–29 ಲೀಟರ್ ಕುಡಿಯುತ್ತದೆ. ಅಂದರೆ ಸೈಲೆನ್ಸರಿನಿಂದ ಸುಮಾರು 77 ಕಿಲೋ ಇಂಗಾಲದ ಡೈಆಕ್ಸೈಡ್. ಕಚ್ಚಾತೈಲ ತೆಗೆದು, ಸಂಸ್ಕರಿಸಿ, ಬಂಕಿಗೆ ತಲುಪಿಸುವ ಖರ್ಚನ್ನೂ ಸೇರಿಸಿದರೆ ಇದು 90 ಕಿಲೋ ಮುಟ್ಟುತ್ತದೆ. ಅದೇ ದೂರಕ್ಕೆ ಎಲೆಕ್ಟ್ರಿಕ್ ಬಸ್ಸಿಗೆ 110 ಯೂನಿಟ್ ಬೇಕೆಂದು ಇಟ್ಟುಕೊಂಡರೆ, ತಂತಿಯಲ್ಲಿ, ಚಾರ್ಜರಿನಲ್ಲಿ ಸೋರುವುದನ್ನೂ ಸೇರಿಸಿ ಸ್ಥಾವರದಲ್ಲಿ 130 ಯೂನಿಟ್ ಹುಟ್ಟಬೇಕು. ಅದರ ಲೆಕ್ಕವೂ 90 ಕಿಲೋ ಆಸುಪಾಸಿಗೇ ಬಂದು ನಿಲ್ಲುತ್ತದೆ. ತಾಪಮಾನದ ಲೆಕ್ಕದಲ್ಲಿ, ದೇಶದ ಸರಾಸರಿ ಕರೆಂಟಿನಲ್ಲಿ ಓಡುವ ಬಸ್ಸು ಇಂದಿಗೆ ಡೀಸೆಲ್ಲಿಗೆ ಹೆಚ್ಚುಕಡಿಮೆ ಸಮ. ಎಲೆಕ್ಟ್ರಿಕ್ ಬಸ್ಸಿನ ಬೆಂಬಲಿಗರಿಗೆ ಇದು ರುಚಿಸದ ಅಂಕಿ ಇರಬಹುದು. ಆದರೆ ಸೌರ, ಪವನ ವಿದ್ಯುತ್ ಗ್ರಿಡ್ಡಿಗೆ ಸೇರಿದಂತೆಲ್ಲ ಅದೇ ಬಸ್ಸಿನ ಲೆಕ್ಕ ತಾನಾಗಿ ಇಳಿಯುತ್ತದೆ. ಡೀಸೆಲ್ ಬಸ್ಸಿನದು ಗುಜರಿಗೆ ಹೋಗುವವರೆಗೂ ಇಳಿಯುವುದಿಲ್ಲ.

ಕರ್ನಾಟಕದ ಚಿತ್ರ ದೇಶದ ಸರಾಸರಿಗಿಂತ ಭಿನ್ನ. ಶರಾವತಿಯ 1,035 ಮೆಗಾವಾಟ್ ಜಲವಿದ್ಯುತ್, ಕೈಗಾದ 880 ಮೆಗಾವಾಟ್ ಅಣುವಿದ್ಯುತ್, ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ, ಚಿತ್ರದುರ್ಗ–ಗದಗಗಳ ಗಾಳಿಯಂತ್ರಗಳು ಒಂದು ಕಡೆ. ರಾಯಚೂರಿನ 1,720, ಬಳ್ಳಾರಿಯ 1,700, ಯರಮರಸ್‌ನ 1,600 ಮೆಗಾವಾಟ್ ಕಲ್ಲಿದ್ದಲು ಸ್ಥಾವರಗಳು ಇನ್ನೊಂದು ಕಡೆ. ಸಿಟಿ ಬಸ್ಸುಗಳು ಮುಖ್ಯವಾಗಿ ಚಾರ್ಜ್ ಆಗುವುದು ರಾತ್ರಿ, ಡಿಪೊಗೆ ಮರಳಿದ ಮೇಲೆ. ಆ ಹೊತ್ತಿಗೆ ಪಾವಗಡದ ಫಲಕಗಳು ಕತ್ತಲಲ್ಲಿರುತ್ತವೆ. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗಂಟೆ ಚಾರ್ಜ್ ಮಾಡಿಕೊಳ್ಳುವ ಬಸ್ಸಿಗೂ ರಾತ್ರಿ ಹನ್ನೆರಡಕ್ಕೆ ಚಾರ್ಜ್ ಮಾಡಿಕೊಳ್ಳುವ ಬಸ್ಸಿಗೂ, ಎರಡೂ ಅಕ್ಕಪಕ್ಕದಲ್ಲೇ ನಿಂತಿದ್ದರೂ, ಹಿಂದಿರುವ ಹೊಗೆ ಒಂದೇ ಅಲ್ಲ.

ಇನ್ನು ಉಸಿರಿನ ಲೆಕ್ಕ. ಇಲ್ಲಿ ಒಂದು ವಿಷಯದಲ್ಲಿ ಕಲ್ಲಿದ್ದಲಿನ ಕರೆಂಟು ಡೀಸೆಲ್ಲಿಗಿಂತ ನಿಸ್ಸಂದೇಹವಾಗಿ ಕೆಟ್ಟದು: ಗಂಧಕದ ಡೈಆಕ್ಸೈಡ್. ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಎಷ್ಟು ಕಡಿಮೆಯೆಂದರೆ ನೂರು ಕಿಲೋಮೀಟರ್ ಓಡಿದ ಬಸ್ಸು ಬಿಡುವ ಗಂಧಕದ ಡೈಆಕ್ಸೈಡ್ ಅರ್ಧ ಗ್ರಾಮನ್ನೂ ದಾಟುವುದಿಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇ 0.5ರ ಸುಮಾರು. ಗಂಧಕ ತೆಗೆಯುವ ಉಪಕರಣವಿಲ್ಲದ ಸ್ಥಾವರದಲ್ಲಿ ನೂರು ಯೂನಿಟ್ ಹುಟ್ಟಿಸಲು ಸುಮಾರು 70 ಕಿಲೋ ಕಲ್ಲಿದ್ದಲು ಉರಿಸಿದರೆ ಅರ್ಧ ಕಿಲೋಗೂ ಮೀರಿ ಗಂಧಕದ ಡೈಆಕ್ಸೈಡ್ ಏಳುತ್ತದೆ. ಗ್ರಾಂ ಎಲ್ಲಿ, ಕಿಲೋ ಎಲ್ಲಿ! ಈ ಅನಿಲ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಸಾಗುತ್ತ ಸಲ್ಫೇಟ್ ಕಣವಾಗಿ ಪಿಎಂ 2.5ಕ್ಕೆ ಸೇರುತ್ತದೆ. ಸ್ಥಾವರಗಳಲ್ಲಿ ಇದನ್ನು ತಡೆಯುವ ಉಪಕರಣ ಕಡ್ಡಾಯ ಎಂದು 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ನಿಯಮದ ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದರಿಂದ ವಿನಾಯಿತಿಯೇ ಸಿಕ್ಕಿತು.

ಹಾಗಿದ್ದರೆ ಎರಡನೇ ವಾದವೇ ಸರಿಯಾಯಿತಲ್ಲ ಎಂದು ಕೇಳಬಹುದು. ಹಾಗಾಗದಿರುವುದಕ್ಕೆ ಕಾರಣ ದೂರ ಮತ್ತು ಎತ್ತರ. ದೊಡ್ಡ ಸ್ಥಾವರಗಳ ಚಿಮಣಿ 220ರಿಂದ 275 ಮೀಟರ್ ಎತ್ತರವಿರುತ್ತದೆ. ಹೊಗೆ ನೆಲಕ್ಕೆ ಇಳಿಯುವ ಹೊತ್ತಿಗೆ ಬಹುದೂರ ಹರಡಿ ತೆಳುವಾಗಿರುತ್ತದೆ. ಬಸ್ಸಿನ ಸೈಲೆನ್ಸರ್ ಇರುವುದು ನೆಲದಿಂದ ಮೊಣಕಾಲೆತ್ತರದಲ್ಲಿ, ಅದರ ಹಿಂದೆ ಸ್ಕೂಟರಿನವರು, ಪಕ್ಕದಲ್ಲಿ ಎಳನೀರು ಮಾರುವವರು, ಅಮ್ಮನ ಕೈಹಿಡಿದ ಮಕ್ಕಳು. ಒಂದೇ ತೂಕದ ಮಾಲಿನ್ಯವು ಚಿಮಣಿಯಿಂದ ಹೊರಟಾಗ ಮನುಷ್ಯರ ಶ್ವಾಸಕೋಶ ಸೇರುವ ಪಾಲಿಗಿಂತ, ಕಿಕ್ಕಿರಿದ ಬೀದಿಯಲ್ಲಿ ಹೊರಟಾಗ ಸೇರುವ ಪಾಲು ಅನೇಕ ಪಟ್ಟು ಹೆಚ್ಚು. ಮೆಜೆಸ್ಟಿಕ್‌ನ ಅಥವಾ ಸಿಲ್ಕ್ ಬೋರ್ಡಿನ ಗಾಳಿಗೆ ಎಲೆಕ್ಟ್ರಿಕ್ ಬಸ್ಸು ತರುವ ಲಾಭ ಆದ್ದರಿಂದ ನಿಜವಾದದ್ದು. ಆ ಲಾಭದ ಒಂದು ಭಾಗದ ಬೆಲೆ ತೆರುವವರು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಇದ್ದಾರೆ ಎಂಬುದೂ ಅಷ್ಟೇ ನಿಜ. ಚಿಮಣಿಗಳು ಕೆಲವೇ ಕೆಲವಾದುದರಿಂದ ಅವುಗಳ ಮೇಲೆ ಕಣ್ಣಿಡುವುದು, ಉಪಕರಣ ಹಾಕಿಸುವುದು, ಲಕ್ಷಾಂತರ ಸೈಲೆನ್ಸರುಗಳನ್ನು ಕಾಯುವುದಕ್ಕಿಂತ ಸುಲಭ, ಮಾಡಬೇಕೆಂಬ ಮನಸ್ಸಿದ್ದರೆ.

ಬ್ಯಾಟರಿಯ ಮಾತು

ಬ್ಯಾಟರಿ ತಯಾರಿಕೆಗೆ ಬಹಳ ಶಕ್ತಿ ಬೇಕು. ಹೊಸದಾಗಿ ಶೋರೂಮಿನಿಂದ ಹೊರಬಿದ್ದ ದಿನ ಎಲೆಕ್ಟ್ರಿಕ್ ವಾಹನದ ತಲೆಯ ಮೇಲಿರುವ ಇಂಗಾಲದ ಸಾಲ ಡೀಸೆಲ್ ವಾಹನಕ್ಕಿಂತ ಹೆಚ್ಚು. ಅದು ತೀರುವುದು ಕಲ್ಲಿದ್ದಲಿನ ಪಾಲು ಕಡಿಮೆಯಿರುವ ಕರೆಂಟಿನಲ್ಲಿ ಓಡಿದಾಗ. ಶೆಡ್ಡಿನಲ್ಲಿ ನಿಂತ ಕಾರಿಗೆ ತೀರುವುದು ನಿಧಾನ. ಬ್ಯಾಟರಿಗೆ ಬೇಕಾಗುವ ಕೋಬಾಲ್ಟ್‌ನಂಥ ಲೋಹಗಳ ಗಣಿಗಾರಿಕೆಯ ಮಾಲಿನ್ಯ ಕಾಂಗೋದಂಥ ದೂರದ ದೇಶಗಳಲ್ಲಿ ಬೀಳುತ್ತದೆ. ನಮ್ಮ ಬಸ್ಸುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಕೋಬಾಲ್ಟ್ ಇರುವುದಿಲ್ಲ ಎಂಬುದು ಸಣ್ಣ ಸಮಾಧಾನ. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಮೊದಲು ಯಾವ ವಾಹನ ಬದಲಾಗಬೇಕು

ಗಾಳಿಗೆ ಎಷ್ಟು ಲಾಭ ಎಂಬುದು ಎಷ್ಟು ವಾಹನ ಬದಲಾಯಿತು ಎಂಬುದಕ್ಕಿಂತ, ಯಾವ ವಾಹನದ ಎಷ್ಟು ಕಿಲೋಮೀಟರ್ ಎಲ್ಲಿ ಬದಲಾಯಿತು ಎಂಬುದನ್ನು ಅವಲಂಬಿಸಿದೆ. ಸಿಟಿ ಬಸ್ಸು ದಿನಕ್ಕೆ ಇನ್ನೂರು ಕಿಲೋಮೀಟರ್ ಆಸುಪಾಸು ಓಡುತ್ತದೆ, ಅದೂ ಜನ ತುಂಬಿದ ಬೀದಿಗಳಲ್ಲೇ. ಮಾರ್ಗ ನಿಶ್ಚಿತ, ರಾತ್ರಿ ಬರುವ ಡಿಪೊ ನಿಶ್ಚಿತ, ಹಾಗಾಗಿ ಚಾರ್ಜಿಂಗ್ ತಲೆನೋವೂ ಕಡಿಮೆ. ಇದೇ ಕಾರಣಕ್ಕೆ ಚೀನಾದ ಶೆನ್‌ಜೆನ್ ನಗರ 2017ರ ಕೊನೆಯ ವೇಳೆಗೆ ತನ್ನ ಹದಿನಾರು ಸಾವಿರಕ್ಕೂ ಹೆಚ್ಚು ಸಿಟಿ ಬಸ್ಸುಗಳನ್ನೆಲ್ಲ ಎಲೆಕ್ಟ್ರಿಕ್ ಮಾಡಲು ಸಾಧ್ಯವಾಯಿತು. ಬಿಬಿಎಂಪಿ ಕಾಲದಿಂದ ಓಡುತ್ತಿರುವ ಕಸದ ಲಾರಿಗಳು, ನೀರಿನ ಟ್ಯಾಂಕರುಗಳು, ಐಟಿ ಕಂಪನಿಗಳ ಕ್ಯಾಬುಗಳು, ಮಾರುಕಟ್ಟೆಗೆ ಸರಕು ಸಾಗಿಸುವ ಸಣ್ಣ ಟೆಂಪೊಗಳು ಇದೇ ಸಾಲಿಗೆ ಸೇರುತ್ತವೆ. ಇವುಗಳಿಗೆ ಹೋಲಿಸಿದರೆ, ವಾರಕ್ಕೆರಡು ಬಾರಿ ಹೊರಗೆ ತೆಗೆಯುವ ಬಿಎಸ್-6 ಡೀಸೆಲ್ ಕಾರನ್ನು ಮಾರಿ ಎಲೆಕ್ಟ್ರಿಕ್ ಕಾರು ಕೊಂಡರೆ ಗಾಳಿಗೆ ಆಗುವ ಉಪಕಾರ ಅತ್ಯಲ್ಪ.

ಮಂಗಳೂರು ಬಂದರಿನಿಂದ ಶಿರಾಡಿ ಘಾಟಿ ಏರಿ ಬರುವ ಭಾರಿ ಲಾರಿಗಳ ವಿಷಯ ಬೇರೆ. ಅಷ್ಟು ಭಾರ, ಅಷ್ಟು ದೂರ, ಅಂಥ ಏರಿಗೆ ಬೇಕಾಗುವ ಬ್ಯಾಟರಿಯ ತೂಕ ಮತ್ತು ಬೆಲೆ ಇನ್ನೂ ಹೊಂದಿಕೆಯಾಗುವಂತಿಲ್ಲ. ಅಲ್ಲಿ ಇನ್ನೂ ಕೆಲವು ವರ್ಷ ಡೀಸೆಲ್ಲೇ ಇರುತ್ತದೆ; ಅಲ್ಲಿನ ಪ್ರಶ್ನೆ ಹಳೆಯ ಬಿಎಸ್-3, ಬಿಎಸ್-4 ಲಾರಿಗಳು ಎಷ್ಟು ಬೇಗ ಬಿಎಸ್-6ಕ್ಕೆ ಜಾಗ ಬಿಡುತ್ತವೆ, ಯೂರಿಯಾ ಉಳಿಸಲು ಸೆನ್ಸರಿಗೆ ಮೋಸ ಮಾಡುವ ಚಾಳಿಯನ್ನು ಯಾರು ಹಿಡಿಯುತ್ತಾರೆ ಎಂಬುದು.

ಕೊನೆಯದಾಗಿ ಹಳೆಯ ವಾಹನ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ನಿಂದ ನವೀಕರಿಸುವಂತಿಲ್ಲ, ಸಾರಿಗೆ ನಿಗಮಗಳ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ಖಾಸಗಿ ಲಾರಿ, ಟೆಂಪೊಗಳಿಗೆ ಅಂಥ ಕಟ್ಟು ಇಲ್ಲ. ಬೆಂಗಳೂರಿನಲ್ಲಿ ಬೇಡವಾದ ಡೀಸೆಲ್ ಟೆಂಪೊ ಜಿಲ್ಲಾ ಕೇಂದ್ರವೊಂದಕ್ಕೆ ಸೆಕೆಂಡ್ ಹ್ಯಾಂಡ್ ಆಗಿ ಮಾರಾಟವಾದರೆ, ಅದರ ಮಸಿ ಊರು ಬದಲಿಸಿತಷ್ಟೆ. ಹಾಗೆಯೇ ಎಲೆಕ್ಟ್ರಿಕ್ ಬಸ್ಸು ಬಂದರೂ ಹಳೆಯ ಡೀಸೆಲ್ ಬಸ್ಸು ಬೇರೆ ಮಾರ್ಗದಲ್ಲಿ ಓಡುತ್ತಲೇ ಇದ್ದರೆ, ಪ್ರಯಾಣಿಕರಿಗೆ ಬಸ್ಸು ಹೆಚ್ಚಾಯಿತು, ಹೊಗೆ ಮಾತ್ರ ಇದ್ದಷ್ಟೇ ಇರುತ್ತದೆ. ಆ ಹೆಚ್ಚಿನ ಬಸ್ಸು ನೋಡಿ ಜನ ಸ್ಕೂಟರು, ಕಾರು ಮನೆಯಲ್ಲಿ ಬಿಟ್ಟು ಬಂದರೆ ಅದೂ ಲಾಭವೇ, ಆದರೆ ಅದು ಬೇರೆ ಬಗೆಯ ಲಾಭ. ಎಷ್ಟು ಎಲೆಕ್ಟ್ರಿಕ್ ಬಸ್ಸುಗಳಿಗೆ ಹಸಿರು ಬಾವುಟ ತೋರಿಸಲಾಯಿತು ಎಂಬ ಸುದ್ದಿಯ ಜೊತೆಗೆ, ನಿಗಮ ಆ ವರ್ಷ ಎಷ್ಟು ಲೀಟರ್ ಡೀಸೆಲ್ ಕೊಂಡಿತು ಎಂಬ ಅಂಕಿಯನ್ನೂ ಹಿಂದಿನ ವರ್ಷದ ಪಕ್ಕದಲ್ಲಿಟ್ಟು ನೋಡಿದರೆ, ನಗರದ ಗಾಳಿಗೆ ನಿಜಕ್ಕೂ ಎಷ್ಟು ದಕ್ಕಿತೆಂಬುದು ತಿಳಿಯುತ್ತದೆ.